ಮುದ್ದತು ಮೀರಿದ ಹಕ್ಕು: ಕತಗಾಲದ ದಾರಿಯಲ್ಲಿ ಒಂದು ಕಾನೂನಿನ ಕಥೆ

ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟ ಏರುವುದಕ್ಕೆ ಮೊದಲು ಸಿಗುವ ಊರು ಕತಗಾಲ. ಮಳೆಗಾಲದಲ್ಲಿ ಚಂಡಿಕಾ ನದಿ ಉಕ್ಕಿತೆಂದರೆ ಇಲ್ಲಿ ರಸ್ತೆಯ ಮೇಲೆಯೇ ನೀರು ಹರಿಯುತ್ತದೆ. ಬಸ್ಸು, ಲಾರಿಗಳು ಆಚೆಯವು ಆಚೆ, ಈಚೆಯವು ಈಚೆ ನಿಲ್ಲುತ್ತವೆ. ಅಂಥ ಒಂದು ದಿನ, ಘಟ್ಟದ ಕಡೆಯ ರೈತನೊಬ್ಬ ಕೈಗಡ ಕೊಟ್ಟ ಹಣದ ವಸೂಲಿಗಾಗಿ ಕುಮಟಾದ ಕೋರ್ಟಿನಲ್ಲಿ ದಾವೆ ಹೂಡಲು ಹೊರಟಿದ್ದಾನೆಂದು ಇಟ್ಟುಕೊಳ್ಳೋಣ. ಹಣ ಕೊಟ್ಟು ಅಂದಿಗೆ ಸರಿಯಾಗಿ ಮೂರು ವರ್ಷ. ನೀರು ಇಳಿಯುವಷ್ಟರಲ್ಲಿ ಸಂಜೆ ಆಗಿದೆ. ಅವನ ಹಕ್ಕಿನ ಗತಿ ಏನು?

ಕಾನೂನಿನ ಉತ್ತರ ತುಸು ವಿಚಿತ್ರವಾಗಿದೆ. ಅಂದು ಕೋರ್ಟಿಗೆ ರಜೆ ಇದ್ದಿದ್ದರೆ ರೈತ ಪಾರು. ಕೋರ್ಟು ಮತ್ತೆ ತೆರೆದ ದಿನ ದಾವೆ ಹೂಡಬಹುದು. ಆದರೆ ಕೋರ್ಟು ತೆರೆದಿದ್ದು, ರಸ್ತೆ ಮಾತ್ರ ಮುಚ್ಚಿದ್ದರೆ ರಿಯಾಯಿತಿ ಇಲ್ಲ. ವಿಳಂಬಕ್ಕೆ ಸಕಾರಣ ತೋರಿಸಿ ಕ್ಷಮೆ ಕೇಳುವ ಅವಕಾಶ ಮೇಲ್ಮನವಿಗಳಿಗೆ ಮತ್ತು ಅರ್ಜಿಗಳಿಗೆ ಉಂಟು, ಮೂಲ ದಾವೆಗೆ ಇಲ್ಲ. ಎದುರುಪಕ್ಷದವನು ಸುಮ್ಮನಿದ್ದರೂ ಮುದ್ದತು ಮೀರಿದ ದಾವೆಯನ್ನು ನ್ಯಾಯಾಧೀಶರು ತಾವಾಗಿಯೇ ವಜಾ ಮಾಡಬೇಕು. ಇನ್ನೊಂದು ಮಾತು: ಹಳ್ಳಿಗಳಲ್ಲಿ ಬಹಳ ಮಂದಿ ಮೂರು ವರ್ಷವನ್ನು ಸಾಲ ವಾಪಸು ಕೇಳಿದ ದಿನದಿಂದ ಎಣಿಸುತ್ತಾರೆ. ‘ಕೇಳಿದಾಗ ಕೊಡು’ ಎಂಬ ಮಾತಿನ ಮೇಲೆ ಕೊಟ್ಟ ಸಾಲವಾದರೂ ಕಾನೂನು ಎಣಿಸುವುದು ಹಣ ಕೊಟ್ಟ ದಿನದಿಂದ. ಈ ಒಂದು ತಪ್ಪು ಲೆಕ್ಕದಿಂದಲೇ ಎಷ್ಟೋ ಕೈಗಡಗಳು ಮುಳುಗಿವೆ.

ಇಷ್ಟು ಕಠಿಣವಾದ ಈ ಕಾನೂನಿನ ಹೆಸರು 1963ರ ಕಾಲಪರಿಮಿತಿ ಅಧಿನಿಯಮ. ವಕೀಲರ ಬಾಯಲ್ಲಿ ಅದು ಸದಾ ‘ಲಿಮಿಟೇಶನ್’. ಯಾವ ಹಕ್ಕಿಗಾಗಿ ಎಷ್ಟು ದಿನದೊಳಗೆ ಕೋರ್ಟಿಗೆ ಹೋಗಬೇಕೆಂಬುದನ್ನು 137 ಬಾಬುಗಳ ಒಂದೇ ಪಟ್ಟಿಯಲ್ಲಿ ಅದು ಹೇಳುತ್ತದೆ. ಹಿಂದೆ ಹೀಗೆ ಒಂದೇ ಪಟ್ಟಿ ಇರಲಿಲ್ಲ. ಉತ್ತರ ಕನ್ನಡ ಜಿಲ್ಲೆ ಎರಡು ಪ್ರಾಂತಗಳ ನಡುವೆ ಕೈ ಬದಲಾದ ಸೀಮೆಯಾದುದರಿಂದ, ಈ ಪಟ್ಟಿ ಹುಟ್ಟಿದ ಕಥೆಯನ್ನು ಕತಗಾಲದ ದಾರಿಯಲ್ಲಿ ನಿಂತು ನೋಡುವುದು ಸ್ವಾರಸ್ಯಕರ.

ಕಾಲ ಕಳೆದರೆ ಹಕ್ಕು ಸಡಿಲವಾಗುತ್ತದೆ ಎಂಬ ವಿಚಾರವನ್ನು ನಮಗೆ ಇಂಗ್ಲಿಷರೇ ಕಲಿಸಬೇಕಿರಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇದರ ಮಾತು ಇದೆ. ಒಡೆಯನ ಕಣ್ಣೆದುರೇ, ಅವನು ತಕರಾರು ಮಾಡದೆ ಇರುವಾಗ, ಬೇರೊಬ್ಬ 20 ವರ್ಷ ಭೂಮಿಯನ್ನು ಅನುಭವಿಸಿದರೆ ಒಡೆಯನಿಗೆ ಹಾನಿ. ಇತರ ಧನವಾದರೆ 10 ವರ್ಷ. ಆದರೆ ಅಡವಿಟ್ಟದ್ದು, ಗಡಿಯ ನೆಲ, ನಂಬಿ ಇಟ್ಟ ವಸ್ತು, ಬಾಲಕರ ಸೊತ್ತು, ರಾಜನ ಸೊತ್ತು, ಸ್ತ್ರೀಯರ ಸೊತ್ತು ಇವಕ್ಕೆ ಈ ನಿಯಮ ತಾಗದು. ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕನ್ನಡ ನಾಡಿನವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಇದ್ದವನು. ಅವನು ಈ ‘ಹಾನಿ’ ಎಂಬ ಮಾತನ್ನು ಹಿಡಿದು ದೊಡ್ಡ ಚರ್ಚೆ ಮಾಡುತ್ತಾನೆ. 20 ವರ್ಷ ಸುಮ್ಮನಿದ್ದವನು ಕಳೆದುಕೊಳ್ಳುವುದು ಆ ವರ್ಷಗಳ ಫಲವನ್ನು, ಭೂಮಿಯನ್ನಲ್ಲ ಎಂಬುದು ಅವನ ತೀರ್ಮಾನ. ಬರಿಯ ಅನುಭೋಗದಿಂದ ಕಳ್ಳನೂ ಒಡೆಯನಾಗಬಾರದೆಂಬ ಎಚ್ಚರ ಅದರ ಹಿಂದಿದೆ. ಏಳು ಶತಮಾನಗಳ ನಂತರ ಕಲಕತ್ತೆಯಲ್ಲಿ ಕಾನೂನು ಬರೆದವರು ಇದಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದರು. ಆ ಮಾತು ಮುಂದೆ ಬರುತ್ತದೆ.

ಸಾಲದ ವಿಷಯದಲ್ಲಂತೂ ಹಳೆಯ ಪದ್ಧತಿಯಲ್ಲಿ ಗಡುವೇ ಇರಲಿಲ್ಲವೆನ್ನಬಹುದು. ಅಪ್ಪನ ಸಾಲ ಮಗನಿಗೆ, ಮೊಮ್ಮಗನಿಗೆ ಇಳಿಯುತ್ತಿತ್ತು. ಅದಕ್ಕೆ ಕಡಿವಾಣವೆಂದರೆ ‘ದಾಮ್ ದುಪ್ಪಟ್’ ನಿಯಮ. ಬಡ್ಡಿಯನ್ನು ಒಂದೇ ಸಲಕ್ಕೆ ವಸೂಲು ಮಾಡುವಾಗ ಅದು ಅಸಲನ್ನು ಮೀರುವಂತಿಲ್ಲ. ಎಷ್ಟು ವರ್ಷ ಕಳೆದರೂ ನೂರು ರೂಪಾಯಿಯ ಸಾಲ ಇನ್ನೂರಕ್ಕೆ ನಿಲ್ಲಬೇಕು. ದಿನಾಂಕದ ಬದಲು ಮೊತ್ತಕ್ಕೆ ಮಿತಿ ಹಾಕಿದ್ದು ಗಮನಿಸಬೇಕಾದ ಅಂಶ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಆಡಳಿತ ಮದ್ರಾಸಿಗೆ ಸೇರಿತು. 1802ರಲ್ಲಿ ಮದ್ರಾಸು ಸರಕಾರ ಜಿಲ್ಲಾ ಕೋರ್ಟುಗಳಿಗೆ ಮಾಡಿದ ಎರಡನೆಯ ರೆಗ್ಯುಲೇಶನ್ ಪ್ರಕಾರ, ದಾವೆಯ ಕಾರಣ ಹುಟ್ಟಿ 12 ವರ್ಷ ಕಳೆದ ಮೇಲೆ ವ್ಯಾಜ್ಯ ಕೇಳುವಂತಿರಲಿಲ್ಲ. ಆದರೆ ಆ ಕಟ್ಟಳೆ ಸಡಿಲವಾಗಿತ್ತು. ನಡುವೆ ಹಣ ಕೇಳಿದ್ದೆ, ಆತ ಒಪ್ಪಿಕೊಂಡಿದ್ದ ಎಂದು ತೋರಿಸಿದರೆ, ಇಲ್ಲವೆ ಬೇರೆ ತಕ್ಕ ಕಾರಣ ಕೊಟ್ಟರೆ ಬಾಗಿಲು ತೆರೆಯುತ್ತಿತ್ತು. ಚಂಡಿಕೆಯ ನೆರೆಯೂ ಅಲ್ಲಿ ಒಂದು ಕಾರಣವಾಗಬಹುದಿತ್ತೇನೋ.

ಅತ್ತ ಬೊಂಬಾಯಿಯ ದಾರಿಯೇ ಬೇರೆ. ಅಲ್ಲಿ 1827ರ ಐದನೆಯ ರೆಗ್ಯುಲೇಶನ್ ಜಾರಿಯಲ್ಲಿತ್ತು. 30 ವರ್ಷಕ್ಕೂ ಹೆಚ್ಚು ಕಾಲ ಒಡೆಯನೆಂದು ತಡೆಯಿಲ್ಲದೆ ಅನುಭವಿಸಿದ ಜಮೀನು, ಮನೆ, ವಂಶಪಾರಂಪರ್ಯದ ವೃತ್ತಿ ಇವಕ್ಕೆ ಆ ಅನುಭೋಗವೇ ಒಡೆತನದ ಸಾಕ್ಷಿ ಎಂದು ಅದು ಸಾರಿತ್ತು. ಕಲಕತ್ತೆ, ಬೊಂಬಾಯಿ, ಮದ್ರಾಸು ಈ ಮೂರು ನಗರಗಳ ಒಳಗಿನ ಸುಪ್ರೀಂ ಕೋರ್ಟುಗಳಲ್ಲಿ ಮಾತ್ರ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆಯ ಕಾಲದ, 1623ರ ಶಾಸನ ನಡೆಯುತ್ತಿತ್ತು. ಅಲ್ಲಿ ಸಾಲಕ್ಕೆ ಆರು ವರ್ಷ. ಒಂದೇ ಸಾಲಪತ್ರ ಬೊಂಬಾಯಿ ನಗರದಲ್ಲಿ ಸತ್ತಿದ್ದರೂ ಧಾರವಾಡದಲ್ಲಿ ಜೀವಂತವಿರಬಹುದಾದ ಸ್ಥಿತಿ. ಘಟ್ಟದ ಮೇಲಿನ ಹತ್ತಿ ಬೆಳೆಯುವ ಧಾರವಾಡ ಜಿಲ್ಲೆ ಬೊಂಬಾಯಿಗೆ ಸೇರಿದ್ದು, ಅದರ ಹತ್ತಿ ದೇವಿಮನೆ ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಕುಮಟಾ ಬಂದರು ಮದ್ರಾಸಿನದು. ಈ ದಾರಿಯಲ್ಲಿ ವ್ಯವಹಾರ ಮಾಡುವವನು ಘಟ್ಟ ಇಳಿಯುತ್ತಲೇ ಬೇರೊಂದು ಕಾಲಮಾನಕ್ಕೆ ಬಂದಿಳಿಯುತ್ತಿದ್ದ.

ಈ ಗೊಂದಲಕ್ಕೆ ಕೊನೆ ಹಾಡಿದ್ದು 1859ರ ಹದಿನಾಲ್ಕನೆಯ ಕಾಯ್ದೆ. ಬ್ರಿಟಿಷ್ ಇಂಡಿಯಾದ ಎಲ್ಲ ಸಿವಿಲ್ ಕೋರ್ಟುಗಳಿಗೂ ಒಂದೇ ಲೆಕ್ಕ. ಬರಹವಿಲ್ಲದ ಸಾಲಕ್ಕೂ ನೋಂದಣಿಯಾಗದ ಪತ್ರಕ್ಕೂ ಮೂರು ವರ್ಷ, ನೋಂದಣಿಯಾದ ಪತ್ರಕ್ಕೆ ಆರು, ಸ್ಥಿರಾಸ್ತಿಗೆ 12. ಅಡವಿಟ್ಟ ಜಮೀನನ್ನು ಬಿಡಿಸಿಕೊಳ್ಳಲು 60 ವರ್ಷ. ಜನ ಹೊಂದಿಕೊಳ್ಳಲೆಂದು ಕಾಲಾವಕಾಶ ಕೊಟ್ಟು, ಅದನ್ನೂ ಮುಂದೂಡಿ, ಕೊನೆಗೆ 1862ರ ಜನವರಿ 1ರಿಂದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು.

ಅದೇ 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ವರ್ಗಾವಣೆಯ ಹಿಂದೆ ಇದ್ದದ್ದು ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತು, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಬೆಳೆಯುವ ನೆಲವೂ ಸಾಗಿಸುವ ಬಂದರೂ ಒಂದೇ ಸರಕಾರದ ಕೈಯಲ್ಲಿರಲಿ ಎಂಬ ವ್ಯಾಪಾರಿಗಳ ಒತ್ತಾಯ ಗೆದ್ದಿತು. ಹಳೆಯ ರೆಗ್ಯುಲೇಶನ್‌ಗಳೇ ಮುಂದುವರಿದಿದ್ದರೆ ಹೊನ್ನಾವರ, ಕುಮಟಾ, ಭಟ್ಕಳದವರ ಹಕ್ಕುಗಳಿಗೆಲ್ಲ ಒಂದೇ ವರ್ಷದಲ್ಲಿ ಗಡಿಯಾರ ಬದಲಾಗಬೇಕಿತ್ತು. ಕೆಲವೇ ತಿಂಗಳ ಮೊದಲು ಬಂದ ಏಕರೂಪದ ಕಾಯ್ದೆ ಆ ತೊಂದರೆಯನ್ನು ತಪ್ಪಿಸಿತು. ಹಾಗೆಂದು ಕಾಯ್ದೆ ಎಲ್ಲರಿಗೂ ಒಳಿತನ್ನೇ ಮಾಡಿತೆಂದಲ್ಲ.

ಸಾಲದ ಮುದ್ದತು ಮೊಟಕಾದರೆ ಸಾಲಗಾರನಿಗೆ ಲಾಭವೆಂದು ಯಾರಿಗಾದರೂ ತೋರುತ್ತದೆ. ಮೂರು ವರ್ಷ ಕಳೆದರೆ ಸಾಹುಕಾರ ಬಾಯಿ ಮುಚ್ಚಬೇಕು. ಆದರೆ ಮುದ್ದತು ಮುಗಿಯುವ ಮೊದಲು ಸಾಲವನ್ನು ಬರಹದಲ್ಲಿ ಒಪ್ಪಿಕೊಂಡು ಸಹಿ ಹಾಕಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಸಾಹುಕಾರರು ಇದನ್ನು ಬಲುಬೇಗ ಕಲಿತರು. ಎರಡೂವರೆ ವರ್ಷ ಆಗುತ್ತಲೇ ರೈತನನ್ನು ಕರೆಸುವುದು, ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುವುದು, ಒಪ್ಪದಿದ್ದರೆ ದಾವೆಯ ಬೆದರಿಕೆ. ಹಿಂದೆ ಹಲವು ವರ್ಷ ತಣ್ಣಗೆ ಕೂತಿರುತ್ತಿದ್ದ ಸಾಲ ಈಗ ಮೂರು ವರ್ಷಕ್ಕೊಮ್ಮೆ ಮರಿ ಹಾಕತೊಡಗಿತು. ಹೊಸ ಪತ್ರದಲ್ಲಿ ಬಡ್ಡಿಯೇ ಅಸಲಾಗಿ ಬಿಡುವುದರಿಂದ ದಾಮ್ ದುಪ್ಪಟ್ಟಿನ ತಡೆಯೂ ಪೊಳ್ಳಾಯಿತು. 1875ರ ಮೇ ತಿಂಗಳಲ್ಲಿ ಸೂಪೆಯಲ್ಲಿ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. (ಇದು ಕಾಳಿ ಅಣೆಕಟ್ಟಿನಲ್ಲಿ ಮುಳುಗಿದ ನಮ್ಮ ಜಿಲ್ಲೆಯ ಸೂಪಾ ಅಲ್ಲ, ಪುಣೆ ಜಿಲ್ಲೆಯದು.) ಗಲಭೆಯ ವಿಚಾರಣೆಗೆ ನೇಮಕವಾದ ಆಯೋಗ ರೈತರ ದುಸ್ಥಿತಿಯ ಕಾರಣಗಳಲ್ಲಿ ಈ ಮೂರು ವರ್ಷದ ಮುದ್ದತನ್ನೂ ಎಣಿಸಿತು. ಪರಿಣಾಮವಾಗಿ 1879ರ ಡೆಕ್ಕನ್ ರೈತರ ಪರಿಹಾರ ಕಾಯ್ದೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳ ರೈತರ ಸಾಲಗಳಿಗೆ ಮುದ್ದತನ್ನು ಆರು ವರ್ಷಕ್ಕೆ, ನೋಂದಣಿಯಾದ ಪತ್ರಕ್ಕೆ 12 ವರ್ಷಕ್ಕೆ ಏರಿಸಿತು. ರೈತನನ್ನು ಕಾಪಾಡಲು ಸಾಹುಕಾರನಿಗೆ ಹೆಚ್ಚು ಸಮಯ ಕೊಡಬೇಕಾಗಿ ಬಂದದ್ದು ಈ ಇತಿಹಾಸದ ಒಂದು ತಮಾಷೆ. ಮೂರು ವರ್ಷಕ್ಕೊಮ್ಮೆ ಪ್ರೋನೋಟು ಬದಲಾಯಿಸುವ ಪದ್ಧತಿಯೇನೂ ಅಲ್ಲಿಗೆ ನಿಲ್ಲಲಿಲ್ಲ. ಕರಾವಳಿಯ ಅಂಗಡಿ, ಮಂಡಿಗಳಲ್ಲಿ ಅದು ಇಂದಿಗೂ ಪರಿಚಿತ.

1859ರ ಕಾಯ್ದೆಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಎಲ್ಲರನ್ನೂ ಒಂದು ಪಟ್ಟಿಗೆ ತಂದ ಅದು ಸರಕಾರವನ್ನು ಮಾತ್ರ ಹೊರಗಿಟ್ಟಿತು. ಸಾರ್ವಜನಿಕ ಸೊತ್ತು, ಸರಕಾರಿ ಕಂದಾಯದ ಹಕ್ಕುಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಅದರಲ್ಲೇ ಬರೆದಿತ್ತು. ದೀರ್ಘಕಾಲದ ರೂಢಿ ಸರಕಾರದ ಎದುರು ಎಷ್ಟು ಬಾಳುತ್ತದೆ ಎಂಬುದು ಉತ್ತರ ಕೆನರಾದ ವರ್ಗದಾರರಿಗೆ 1875ರಲ್ಲಿ ಗೊತ್ತಾಯಿತು. ಹೊಸ ಸರ್ವೆಯ ನಂತರ ಏರಿದ ಭೂಕಂದಾಯದ ವಿರುದ್ಧ ವೈಕುಂಠ ಬಾಪೂಜಿ ಎಂಬವರು ಹೂಡಿದ ಮೊಕದ್ದಮೆಯಲ್ಲಿ, ಹಿಂದಿನಿಂದ ಕೊಡುತ್ತ ಬಂದ ದರ ಶಾಶ್ವತವೆಂಬ ವಾದವನ್ನು ಬೊಂಬಾಯಿ ಹೈಕೋರ್ಟು ಒಪ್ಪಲಿಲ್ಲ. ವಿಜಯನಗರ, ಕೆಳದಿ ಕಾಲದಿಂದ ಹಿಡಿದು ಈ ಜಿಲ್ಲೆಯ ಭೂ ಇತಿಹಾಸವನ್ನೆಲ್ಲ ಕೆದಕಿದ ಆ ತೀರ್ಪು ಇಂದಿಗೂ ಇತಿಹಾಸಕಾರರಿಗೆ ಒಂದು ಆಕರ.

1871ರ ಕಾಯ್ದೆ ಸರಕಾರವನ್ನೂ ಪಟ್ಟಿಯೊಳಗೆ ತಂದಿತು. ಆದರೆ ಖಾಸಗಿಯವರಿಗೆ 12 ವರ್ಷವಾದ ಕಡೆ ಸರಕಾರಕ್ಕೆ 60. ಫಿಟ್ಜ್‌ಜೇಮ್ಸ್ ಸ್ಟೀಫನ್ ವೈಸರಾಯರ ಕೌನ್ಸಿಲಿನ ಕಾನೂನು ಸದಸ್ಯನಾಗಿದ್ದಾಗ ಬಂದ ಈ ಕಾಯ್ದೆ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಅಲ್ಲಿಯವರೆಗೆ ಮುದ್ದತು ಮೀರಿದರೆ ಕೋರ್ಟಿನ ಬಾಗಿಲು ಮುಚ್ಚುತ್ತಿತ್ತು ಅಷ್ಟೆ. ಹಕ್ಕು ಎಂಬುದು ಉಳಿದೇ ಇರುತ್ತಿತ್ತು. ಸಾಲಕ್ಕೆ ಇಂದಿಗೂ ಹಾಗೆಯೇ. ಮುದ್ದತು ಮೀರಿದ ಸಾಲವನ್ನು ಸಾಲಗಾರ ತಾನಾಗಿ ತೀರಿಸಿದರೆ ಆ ಹಣವನ್ನು ಮರಳಿ ಕೇಳುವಂತಿಲ್ಲ. ಆದರೆ ಭೂಮಿಯ ವಿಷಯದಲ್ಲಿ, ಗಡುವು ಮೀರಿದರೆ ಒಡೆಯನ ಹಕ್ಕೇ ನಂದಿ ಹೋಗುತ್ತದೆ ಎಂದು 1871ರ ಕಾಯ್ದೆ ಹೇಳಿತು. ಫಲ ಮಾತ್ರ ಹೋಗುತ್ತದೆ, ಭೂಮಿ ಹೋಗದು ಎಂದ ವಿಜ್ಞಾನೇಶ್ವರನ ತೀರ್ಮಾನ ಇಲ್ಲಿ ತಲೆಕೆಳಗಾಯಿತು. ‘ಪ್ರತಿಕೂಲ ಸ್ವಾಧೀನ’ ಎಂದು ಕೋರ್ಟುಗಳು ಕರೆಯುವ ತತ್ವದ ಬೇರು ಇದೇ.

1877ರಲ್ಲಿ, 1908ರಲ್ಲಿ ಮತ್ತೆ ಕಾಯ್ದೆಗಳು ಬಂದವು. ಆ ನಡುವೆ 1907ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ತೀರ್ಪಿನಿಂದ ಅಲ್ಲೋಲಕಲ್ಲೋಲ ಎಬ್ಬಿಸಿತು. ಅಡವಿನ ಜಮೀನನ್ನು ಮಾರಿಸಿ ಹಣ ಪಡೆಯಲು 60 ವರ್ಷ ಇದೆಯೆಂದು ಹಲವು ಕಡೆ ನಂಬಿದ್ದರೆ, ಅದು 12 ವರ್ಷ ಮಾತ್ರ ಎಂದಿತು. ರಾತ್ರಿ ಬೆಳಗಾಗುವುದರೊಳಗೆ ಸತ್ತುಹೋದ ಸಾಲಗಳಿಗಾಗಿ 1908ರ ಕಾಯ್ದೆಯಲ್ಲಿ ಎರಡು ವರ್ಷದ ವಿಶೇಷ ಅವಕಾಶ ಕೊಡಬೇಕಾಯಿತು. 1951ರಲ್ಲಿ ಈ ಕಾಯ್ದೆ ಮೈಸೂರು, ಹೈದರಾಬಾದುಗಳಂಥ ಹಿಂದಿನ ಸಂಸ್ಥಾನಗಳಿಗೂ ವಿಸ್ತರಿಸಿದ್ದರಿಂದ, 1956ರಲ್ಲಿ ಕನ್ನಡ ನಾಡು ಒಂದಾದಾಗ ಕನಿಷ್ಠ ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಲೆಕ್ಕದವರಾಗಿದ್ದರು.

ಈಗಿನ ಕಾಯ್ದೆಗೆ ತಳಹದಿ ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಕಾನೂನು ಆಯೋಗದ ಮೂರನೆಯ ವರದಿ, 1956ರದು. ಅದರಂತೆ 183 ಬಾಬುಗಳ ಪಟ್ಟಿ 137ಕ್ಕೆ ಇಳಿಯಿತು. ಸರಕಾರದ 60 ವರ್ಷ 30 ಆಯಿತು. ಅಡವು ಬಿಡಿಸುವ 60 ವರ್ಷವೂ 30 ಆಯಿತು. ಕಾಯ್ದೆ ಜಾರಿಯಾದದ್ದು 1964ರ ಜನವರಿ 1ರಂದು.

ಈ ಕೊನೆಯ ಬದಲಾವಣೆಯಲ್ಲಿ ಗಂಡಾಂತರವಿತ್ತು. 1920ರಲ್ಲಿ ಅಜ್ಜ ಸ್ವಾಧೀನ ಅಡವಿಗೆ ಕೊಟ್ಟ ಅಡಿಕೆ ತೋಟವನ್ನು ಮೊಮ್ಮಗ 1980ರವರೆಗೆ ಬಿಡಿಸಿಕೊಳ್ಳಬಹುದೆಂದು ಕೂತಿದ್ದರೆ, ಹೊಸ ಲೆಕ್ಕದಲ್ಲಿ ಅವನ ಅವಧಿ 1950ಕ್ಕೇ ಮುಗಿದಿತ್ತು. ಅಂಥವರಿಗಾಗಿ ಕಾಯ್ದೆ ಮೊದಲು ಐದು ವರ್ಷ, 1969ರ ತಿದ್ದುಪಡಿಯಿಂದ ಏಳು ವರ್ಷ ಕೊಟ್ಟಿತು. ಅಂದರೆ 1970 ಮುಗಿಯುವುದರೊಳಗೆ ಕೋರ್ಟಿಗೆ ಹೋಗಬೇಕು. ದೆಹಲಿಯ ರಾಜ್ಯಪತ್ರದಲ್ಲಿ ಅಚ್ಚಾದ ಈ ಮಾತು ಘಟ್ಟದ ಬುಡದ ಮನೆಗಳಿಗೆ ತಲುಪುವ ದಾರಿ ಸುಲಭದ್ದಾಗಿರಲಿಲ್ಲ. ತೋಟದ ಹುಟ್ಟುವಳಿಯನ್ನೇ ಬಡ್ಡಿಗೆ ಬಿಟ್ಟ, ವಾಯಿದೆ ಗೊತ್ತುಮಾಡದ ಸ್ವಾಧೀನ ಅಡವಿಗೆ ಗಡುವು ಅಡವಿಟ್ಟ ದಿನದಿಂದ ಓಡುವುದಿಲ್ಲ, ಹಣ ಸಂದ ದಿನದಿಂದ ಮಾತ್ರ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 2014ರಲ್ಲಿ. ಆ ಹೊತ್ತಿಗೆ ಕಾಯ್ದೆ ಬಂದು 50 ವರ್ಷ ಆಗಿತ್ತು.

ಗಡುವಿನ ಬಿಸಿ ಈ ಜಿಲ್ಲೆಗೆ ಹೆಚ್ಚು ತಟ್ಟಿದ್ದು ಬೇರೆ ಎರಡು ಕಾಯ್ದೆಗಳಿಂದ. ಮೊದಲನೆಯದು ಭೂಸುಧಾರಣೆ. ದಿನಕರ ದೇಸಾಯಿಯವರ ರೈತ ಚಳವಳಿ ಕಂಡ ಈ ಕರಾವಳಿಯಲ್ಲಿ ಗೇಣಿ ಒಕ್ಕಲುಗಳು ಬಹಳ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಜಮೀನನ್ನು ಸರಕಾರದಲ್ಲಿ ನಿಹಿತಗೊಳಿಸಿ, ಉಳುವವನಿಗೆ ಅಧಿಭೋಗದ ಹಕ್ಕು ಕೊಟ್ಟಿತು. ಷರತ್ತು ಒಂದೇ. ಏಳನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯ ಮಂಡಳಿಗೆ ಗಡುವಿನೊಳಗೆ ಕೊಡಬೇಕು. ಗಡುವು ಕೊನೆಗೆ ನಿಂತದ್ದು 1979ರ ಜೂನ್ 30ಕ್ಕೆ. ಅರ್ಜಿ ಕೊಟ್ಟವನು ಒಡೆಯನಾದ. ಧಣಿಯ ದಾಕ್ಷಿಣ್ಯಕ್ಕೋ ಹೆದರಿಕೆಗೋ, ಬರಹ ಬಾರದೆಯೋ ಕೊಡದೆ ಉಳಿದವನು ಅದೇ ಗದ್ದೆಯ ಅಂಚಿನಲ್ಲಿ ಏನೂ ಅಲ್ಲದವನಾದ. ಇಂಥವರಿಗೆ ಷರತ್ತುಗಳೊಂದಿಗೆ ಇನ್ನೊಂದು ಅವಕಾಶ ಕೊಡಲು 1998ರಲ್ಲಿ ಕಾಯ್ದೆಗೆ 77-ಎ ಕಲಮು ಸೇರಿಸಿದ್ದೇ, ಹಾಗೆ ಉಳಿದವರಿದ್ದರು ಎಂಬುದಕ್ಕೆ ಪುರಾವೆ.

ಎರಡನೆಯದು ಕಾಡು. ಕತಗಾಲದಲ್ಲಿ ಅರಣ್ಯ ಇಲಾಖೆಯ ವಲಯ ಕಚೇರಿ ಇದೆ. ಹೊನ್ನಾವರ ವಿಭಾಗಕ್ಕೆ ಸೇರಿದ್ದು. 1860ರಲ್ಲಿ ಮದ್ರಾಸು ಸರಕಾರ ಕುಮರಿ ಬೇಸಾಯಕ್ಕೆ ತಡೆ ಹಾಕಿದಂದಿನಿಂದ ಇಲ್ಲಿ ಕಾಡಿನ ನೆಲ ಯಾರದೆಂಬ ತಕರಾರು ಮುಗಿದಿಲ್ಲ. 30 ವರ್ಷ ಸರಕಾರಿ ನೆಲ ಅನುಭವಿಸಿದವನಿಗೆ ಕಾಲಪರಿಮಿತಿ ಕಾಯ್ದೆ ಹಕ್ಕು ಕೊಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಪ್ರತಿಕೂಲ ಸ್ವಾಧೀನಕ್ಕೆ ಬರಿಯ ಸಾಗುವಳಿ ಸಾಲದು. ನೆಲ ನನ್ನದೇ ಎಂದು ಒಡೆಯನ ಎದುರು ಬಹಿರಂಗವಾಗಿ, ತಡೆಯಿಲ್ಲದೆ ಹಿಡಿದಿರಬೇಕು. ಅತಿಕ್ರಮಣಕ್ಕೆ ದಂಡ ಕಟ್ಟಿದವನು, ಸಕ್ರಮ ಮಾಡಿಕೊಡಿ ಎಂದು ಅರ್ಜಿ ಬರೆದವನು ಸರಕಾರವೇ ಒಡೆಯನೆಂದು ಒಪ್ಪಿಕೊಂಡಂತೆ. ಬಡ ಒಕ್ಕಲಿನ ವಿಧೇಯತೆಯೇ ಅವನ ವಿರುದ್ಧದ ಸಾಕ್ಷಿ.

ರಾಜ್ಯ ಸರಕಾರ ಅರಣ್ಯ ಅತಿಕ್ರಮಣ ಸಕ್ರಮಕ್ಕೆ 1978ರ ಏಪ್ರಿಲ್ 27ರ ಗಡಿ ಹಾಕಿತು. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೊಂದು ಗಡಿ ತಂದಿತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸವಿದ್ದು ಕಾಡನ್ನು ಅವಲಂಬಿಸಿದ್ದನ್ನು ತೋರಿಸಬೇಕು. ಕುಮಟಾ, ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರು ಪಂಗಡದ ಪಟ್ಟಿಗೆ ಸೇರಬೇಕೆಂದು ದಶಕಗಳಿಂದ ಕೇಳುತ್ತಿದ್ದಾರೆ. ಸೇರದಿರುವವರೆಗೆ ಅವರಿಗೂ 75 ವರ್ಷದ್ದೇ ಲೆಕ್ಕ. ಜಿಲ್ಲೆಯಲ್ಲಿ ಇಂಥ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾಗಿವೆ.

ನಿಯಮಗಳು ಸಾಕ್ಷ್ಯದ ವಿಷಯದಲ್ಲಿ ಉದಾರವಾಗಿಯೇ ಇವೆ. ಗ್ಯಾಜೆಟಿಯರು, ಸರ್ವೆ ದಾಖಲೆ, ಹಳೆಯ ಬಾವಿ, ಸ್ಮಶಾನ, ದೇವರ ಬನ, ಯಾವುದೂ ಆಗಬಹುದು. ಇಲಾಖೆ ಕೊಟ್ಟ ದಂಡದ ರಸೀದಿಯನ್ನೂ ದಾಖಲೆಯೆಂದು ಹಾಜರುಪಡಿಸಬಹುದು. 1963ರ ಕಾಯ್ದೆಯಡಿ ಹಕ್ಕನ್ನು ಕೊಲ್ಲುವ ಕಾಗದವೇ 2006ರ ಕಾಯ್ದೆಯಡಿ ಹಕ್ಕಿಗೆ ಆಧಾರ. ಅರ್ಜಿದಾರನ ಮನೆಯವರಲ್ಲದ ಹಿರಿಯರು ಹೇಳಿ ಬರೆಸಿದ ಮಾತಿಗೂ ನಿಯಮದಲ್ಲಿ ಸ್ಥಾನವಿದೆ. ಆದರೆ 75 ವರ್ಷ ಎಂದರೆ 1930ರ ಡಿಸೆಂಬರ್. ಆಗ ಹತ್ತು ವರ್ಷದ ಹುಡುಗನಾಗಿ ಗದ್ದೆಯ ಗಡಿ ಕಂಡವನಿಗೆ, ಕಾಯ್ದೆಯ ನಿಯಮಗಳು ಜಾರಿಗೆ ಬಂದ 2008ರಲ್ಲಿ 88 ವರ್ಷ. ಅರ್ಜಿಗಳ ಪುನರ್‌ಪರಿಶೀಲನೆಗೆ ಕರೆ ಬರುವ ಹೊತ್ತಿಗೆ ಅಂಥ ಸಾಕ್ಷಿಗಳು ಹೆಚ್ಚು ಉಳಿದಿರಲಿಲ್ಲ.

ಗಡಿಯಾರ ನಿಂತ ಉದಾಹರಣೆಯೂ ಒಂದಿದೆ. ಕೋವಿಡ್ ಬಂದಾಗ ಸುಪ್ರೀಂ ಕೋರ್ಟು ತಾನಾಗಿಯೇ ಆದೇಶ ಹೊರಡಿಸಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ದೇಶಾದ್ಯಂತ ಮುದ್ದತಿನ ಎಣಿಕೆಯಿಂದ ಕೈಬಿಟ್ಟಿತು. ದಾವೆಗಳಿಗೂ ಅದು ಅನ್ವಯಿಸಿತು. ಆ ಅವಧಿಯಲ್ಲೇ ಚಂಡಿಕೆ ಉಕ್ಕಿ ಕತಗಾಲದಲ್ಲಿ ರಸ್ತೆ ಮುಚ್ಚಿದ ದಿನಗಳೂ ಇದ್ದವು. ಕುಮಟಾಕ್ಕೆ ಹೋಗಲಾಗದವರು ಆಗ ದಿನ ಎಣಿಸಬೇಕಾಗಿರಲಿಲ್ಲ.